ಮಟ್ಟವೂ ಬೇಕು, ವಾಟವೂ ಬೇಕು: ಹಳೆಯ ಕೋಳಿಗೂಡಿನ ದುರಸ್ತಿ

(ಚನ್ನರಾಯನದುರ್ಗ ಹೋಬಳಿಯ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರಿಗಾಗಿ ಏರ್ಪಡಿಸಿದ್ದ ಒಂದು ದಿನದ ತರಬೇತಿಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಲಿಖಿತ ರೂಪ)



ಇಂದಿನ ತರಬೇತಿಯಲ್ಲಿ ನನಗೆ ವಹಿಸಿರುವ ವಿಷಯ ಹಳೆಯ ಕೋಳಿಗೂಡಿನ ದುರಸ್ತಿ ಮತ್ತು ಅದನ್ನು ಮಟ್ಟಕ್ಕೆ ತರುವ ವಿಧಾನ. ರಸ್ತೆ, ಚರಂಡಿ, ಕೆರೆ, ಶಾಲಾ ಕೊಠಡಿಗಳ ಕಡತಗಳ ನಡುವೆ ಇದು ಕಿರಿದಾದ ವಿಷಯವೆಂದು ತೋರಬಹುದು. ಆದರೆ ಕೋಳಿಗೂಡೂ ಒಂದು ಕಟ್ಟಡ. ಅದಕ್ಕೆ ತಳಪಾಯವಿದೆ, ಗೋಡೆಯಿದೆ, ಚಾವಣಿಯಿದೆ. ಒಳಗೆ ಜೀವಗಳ ವಾಸವಿದೆ. ಸೇತುವೆಯನ್ನು ಕೆಡಿಸುವ ನೀರೇ ಗೂಡನ್ನೂ ಕೆಡಿಸುತ್ತದೆ. ಸೇತುವೆ ಬಿರುಕು ಬಿಟ್ಟರೆ ಪರಿಶೀಲನೆಗೆ ಅಧಿಕಾರಿಗಳು ಬರುತ್ತಾರೆ. ಗೂಡು ವಾಲಿದರೆ ನೋಡಬೇಕಾದವರು ಮನೆಯವರೇ. ಆದ್ದರಿಂದ ನೋಡುವ ಕಣ್ಣು ಮತ್ತು ಅಳೆಯುವ ಕೈ ಎರಡೂ ಮನೆಯವರಲ್ಲಿಯೇ ಇರಬೇಕು ಎಂಬುದು ಈ ಉಪನ್ಯಾಸದ ಉದ್ದೇಶ.

ನಮ್ಮ ಸೀಮೆಯಲ್ಲಿ ಮೊಟ್ಟೆಯ ದುಡ್ಡು ಮನೆಯೊಡತಿಯ ದುಡ್ಡು. ಕಡಲೆಕಾಯಿಯ ಹಣ ವರ್ಷಕ್ಕೊಮ್ಮೆ ಬರುತ್ತದೆ. ಬಂದ ದಿನವೇ ಸಾಲದ ಲೆಕ್ಕಕ್ಕೆ ಹೋಗುತ್ತದೆ. ನಾಟಿ ಮೊಟ್ಟೆಯ ಹಣವಾದರೋ ವಾರವಾರ ಸಂತೆಯ ದಿನ ಕೈಗೆ ಬರುತ್ತದೆ. ಸಂಘದ ಉಳಿತಾಯದ ಕಂತು, ಮಗುವಿನ ನೋಟುಪುಸ್ತಕ, ವೃದ್ಧರ ಮಾತ್ರೆ, ಇವೆಲ್ಲ ಅದರಿಂದಲೇ ನಡೆಯುತ್ತವೆ. ಆ ಹಣದ ತಿಜೋರಿ ಯಾವುದೆಂದರೆ ಹಿತ್ತಲಿನ ಗೂಡು. ಒಂದು ರಾತ್ರಿ ಮುಂಗುಸಿ ನುಗ್ಗಿದರೆ, ಒಂದು ಮಳೆಗಾಲ ನೆಲ ಒದ್ದೆಯಾಗಿಯೇ ಉಳಿದರೆ, ವರ್ಷದ ವರಮಾನ ಹೋದಂತೆಯೇ. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರು ಎಂಬ ಗಾದೆಯನ್ನು ದುರ್ಗದ ಕೆಳಗೆ ಬಾಳುವ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಹೊಸ ಶೆಡ್ಡೋ, ಹಳೆಯ ಗೂಡೋ?

ಗ್ರಾಮೀಣ ಉದ್ಯೋಗ ಖಾತರಿಯಡಿ ದನದ ಕೊಟ್ಟಿಗೆ, ಕುರಿ-ಮೇಕೆ ಶೆಡ್ಡುಗಳ ಜೊತೆಗೆ ಕೋಳಿ ಶೆಡ್ಡಿಗೂ ಅವಕಾಶವಿದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳು, ಮಹಿಳೆಯೇ ಮುಖ್ಯಸ್ಥಳಾಗಿರುವ ಕುಟುಂಬಗಳು, ಸಣ್ಣ ಮತ್ತು ಅತಿ ಸಣ್ಣ ರೈತರು ಮುಂತಾದವರು ಉದ್ಯೋಗ ಚೀಟಿಯೊಂದಿಗೆ ಬೇಡಿಕೆ ಸಲ್ಲಿಸಬಹುದು. ಅರ್ಹರು ಖಂಡಿತವಾಗಿ ಸಲ್ಲಿಸಬೇಕು. ಆದರೆ ಗ್ರಾಮಸಭೆಯ ಅನುಮೋದನೆ, ಕ್ರಿಯಾಯೋಜನೆ, ಅಂದಾಜುಪಟ್ಟಿ, ತಾಂತ್ರಿಕ ಮಂಜೂರಾತಿ, ಕಾರ್ಯಾದೇಶ ಎಂಬ ಮೆಟ್ಟಿಲುಗಳನ್ನು ಆ ಬೇಡಿಕೆ ಹತ್ತಿ ಬರಬೇಕು. ಮುಂಗುಸಿ ಕಾರ್ಯಾದೇಶಕ್ಕಾಗಿ ಕಾಯುವುದಿಲ್ಲ.

ಹೊಸ ಶೆಡ್ಡು ಬರುವುದೆಂಬ ಭರವಸೆಯಲ್ಲಿ, ಚೆನ್ನಾಗಿಯೇ ನಿಂತಿದ್ದ ಗೂಡನ್ನು ಬೀಳಲು ಬಿಡುವ ಅಭ್ಯಾಸ ಕೆಲವೆಡೆ ಕಾಣುತ್ತದೆ. ಇದು ತರವಲ್ಲ. ಹಳೆಯದು ಬಿದ್ದಷ್ಟು ಬೇಗ ಹೊಸದು ಬರುವುದಿಲ್ಲ. ಹೊಸದು ಬಂದ ಮೇಲೂ ಅದರ ದಿನನಿತ್ಯದ ನಿರ್ವಹಣೆ ಫಲಾನುಭವಿಯ ಹೊಣೆಯೇ. ಇಂದು ಹಳೆಯ ಗೂಡನ್ನು ಮಟ್ಟಕ್ಕೆ ತರಬಲ್ಲವರು ಮಾತ್ರ ನಾಳೆ ಹೊಸ ಶೆಡ್ಡನ್ನು ಇಪ್ಪತ್ತು ವರ್ಷ ಉಳಿಸಿಕೊಳ್ಳಬಲ್ಲರು.

ಹಾಗೆಂದು ಎಲ್ಲ ಗೂಡುಗಳೂ ದುರಸ್ತಿಗೆ ಯೋಗ್ಯವಲ್ಲ. ಒಂದು ದಪ್ಪ ಮೊಳೆಯನ್ನು ತೆಗೆದುಕೊಂಡು ಪ್ರತಿ ಕಂಬದ ಬುಡವನ್ನು, ನೆಲದಿಂದ ಒಂದು ಗೇಣು ಎತ್ತರದವರೆಗೆ, ಒತ್ತಿ ನೋಡಬೇಕು. ಮೊಳೆ ಸಲೀಸಾಗಿ ಒಳಗೆ ಇಳಿದರೆ ಗೆದ್ದಲು ತನ್ನ ಕೆಲಸ ಮುಗಿಸಿದೆ ಎಂದರ್ಥ. ನಾಲ್ಕು ಕಂಬಗಳಲ್ಲಿ ಒಂದು ಕೆಟ್ಟಿದ್ದರೆ ಅದನ್ನು ಬದಲಿಸಬಹುದು. ಎರಡಕ್ಕಿಂತ ಹೆಚ್ಚು ಕೆಟ್ಟಿದ್ದರೆ ಗೂಡನ್ನು ಬಿಚ್ಚಿ, ಉಪಯುಕ್ತವಾದ ಕಲ್ಲು, ತಗಡು, ಹಲಗೆಗಳನ್ನು ಉಳಿಸಿಕೊಂಡು ಹೊಸದಾಗಿ ಕಟ್ಟುವುದೇ ಲೇಸು.

ಗೂಡು ವಾಲುವುದೇಕೆ?

ಚನ್ನರಾಯನದುರ್ಗ, ಮಧುಗಿರಿ, ಪಾವಗಡಗಳ ಬೆಟ್ಟಗಳೆಲ್ಲ ರಾಮನಗರದ ಕಡೆಯಿಂದ ಉತ್ತರಕ್ಕೆ ಹಬ್ಬಿರುವ ಒಂದೇ ಗ್ರಾನೈಟ್ ಪಟ್ಟಿಗೆ ಸೇರಿದವು. ಬರಿಬಂಡೆಯ ಮೇಲೆ ಬಿದ್ದ ಮಳೆ ಇಂಗುವುದಿಲ್ಲ. ಬಿದ್ದಷ್ಟೂ ನೀರು ಬೆಟ್ಟದ ಬುಡಕ್ಕೆ ಧಾವಿಸುತ್ತದೆ. ನಮ್ಮ ಸೀಮೆಯ ಹೆಚ್ಚಿನ ಮಳೆ ಉತ್ತರೆ, ಹಸ್ತ, ಚಿತ್ತೆಗಳಲ್ಲಿ, ಅಂದರೆ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ, ಕೆಲವೇ ರಾತ್ರಿಗಳ ರಭಸದ ಮಳೆಯಾಗಿ ಸುರಿಯುತ್ತದೆ. ವರ್ಷದ ಉಳಿದ ಕಾಲ ಒಣಗಿ ಬಿರಿದಿದ್ದ ಕೆಮ್ಮಣ್ಣು ಒಮ್ಮೆಲೇ ನೆನೆದು ಕುಸಿಯುತ್ತದೆ. ತಪ್ಪಲಿನ ಹಳ್ಳಿಗಳಲ್ಲಿ ಗೂಡುಗಳು ವಾಲುವುದಕ್ಕೆ ಇದೇ ಮೂಲ ಕಾರಣ.

ಎರಡನೆಯ ಕಾರಣ ಗೂಡಿನ ಸ್ವಂತ ಚಾವಣಿಯ ನೀರು. ಇದರ ಲೆಕ್ಕ ಸರಳ. ಉದ್ದ 8 ಅಡಿ, ಅಗಲ 6 ಅಡಿಯ ಗೂಡಿಗೆ ಸುತ್ತಲೂ ಒಂದೂವರೆ ಅಡಿ ಸೂರು ಚಾಚಿದ್ದರೆ ಚಾವಣಿಯ ವಿಸ್ತೀರ್ಣ 11 ಅಡಿಗೆ 9 ಅಡಿ, ಅಂದರೆ 99 ಚದರ ಅಡಿ. ಮೀಟರ್ ಲೆಕ್ಕದಲ್ಲಿ ಸುಮಾರು 9.2 ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಒಂದು ರಾತ್ರಿ 50 ಮಿಲಿಮೀಟರ್ ಮಳೆ ಸುರಿದರೆ ಆ ಚಾವಣಿಯಿಂದ ಇಳಿಯುವ ನೀರು ಸುಮಾರು 460 ಲೀಟರ್, ಅಂದರೆ 15 ಲೀಟರಿನ ಮೂವತ್ತು ಕೊಡ. ಮೂವತ್ತು ಕೊಡ ನೀರನ್ನು ಒಂದೇ ರಾತ್ರಿಯಲ್ಲಿ, ಒಂದೇ ಸಾಲಿನಲ್ಲಿ, ಗೂಡಿನ ಬುಡಕ್ಕೆ ಸುರಿದರೆ ಯಾವ ಮಣ್ಣು ನಿಂತೀತು?

ಮೂರನೆಯ ಕಾರಣ ಹೆಗ್ಗಣ. ನೀರು ಸಡಿಲಗೊಳಿಸಿದ ಮಣ್ಣಿನಲ್ಲಿ ಅದು ಬಿಲ ತೋಡುತ್ತದೆ. ಬಿಲದೊಳಗೆ ಮತ್ತೆ ನೀರು ಇಳಿಯುತ್ತದೆ. ಮೇಲಿನ ಕಲ್ಲು ಕುಸಿಯುತ್ತದೆ. ಗೂಡಿನ ಭಾರದಿಂದ ಗೂಡು ಕುಸಿಯುವುದು ಅಪರೂಪ.

ಇಲ್ಲಿಯೇ ನಾನು ಒತ್ತಿ ಹೇಳಬೇಕಾದ ಮಾತಿದೆ. ದುರಸ್ತಿ ಎಂದೊಡನೆ ಬಹುತೇಕರು ತೂತುಬಿದ್ದ ತಗಡನ್ನು, ಹರಿದ ಜಾಲರಿಯನ್ನು ನೋಡುತ್ತಾರೆ. ವಾಲಿದ ಗೂಡಿಗೆ ಹೊಸ ತಗಡು ಹೊದಿಸಿದರೆ ಮುಂದಿನ ಮಳೆಗೆ ಕಂಬ ಇನ್ನಷ್ಟು ವಾಲಿ, ತಗಡಿನ ಮೊಳೆಯ ತೂತು ಅಗಲವಾಗಿ, ಅದೂ ಸೋರುತ್ತದೆ. ಆದ್ದರಿಂದ ದುರಸ್ತಿ ನೆಲದಿಂದ ಆರಂಭವಾಗಬೇಕು. ಮೊದಲು ನೀರಿಗೆ ದಾರಿ, ಅನಂತರ ತಳಕ್ಕೆ ಮಟ್ಟ, ಆಮೇಲೆ ಗೋಡೆ, ಕಟ್ಟಕಡೆಗೆ ಚಾವಣಿ.

ಮೊದಲು ಅಳತೆ

ಬೆಟ್ಟದ ತಪ್ಪಲಿನ ಒಂದು ಹಳ್ಳಿಯಲ್ಲಿ ಸಂಘದ ಹಿರಿಯ ಸದಸ್ಯೆಯೊಬ್ಬರು ತಮ್ಮ ಹಳೆಯ ಗೂಡನ್ನು ಕೆಡವಲು ನಿಶ್ಚಯಿಸಿದ್ದರು. ನಾನು ಈಗಷ್ಟೇ ಹೇಳಿದ ಅಳತೆಯದೇ ಗೂಡು: 8 ಅಡಿ ಉದ್ದ, 6 ಅಡಿ ಅಗಲ, ನಾಲ್ಕು ಮೂಲೆಗಳಲ್ಲಿ ಆಧಾರದ ಕಲ್ಲು, ಅವುಗಳ ಮೇಲೆ ತಳದ ತೊಲೆ, ತೊಲೆಯ ಮೇಲೆ ಕಂಬ, ಅರ್ಧ ಎತ್ತರಕ್ಕೆ ಹಲಗೆ, ಮೇಲರ್ಧಕ್ಕೆ ಜಾಲರಿ, ಮೇಲೆ ತಗಡು. ಬಾಗಿಲು ಮುಚ್ಚುತ್ತಿರಲಿಲ್ಲ, ಒಳಗಿನ ನೆಲ ಕೆಸರಾಗಿತ್ತು. ಕಂಬಗಳೆಲ್ಲ ಗಟ್ಟಿಯಾಗಿದ್ದವು. ಕೆಡಹುವ ಮುನ್ನ ಅಳೆದು ನೋಡೋಣವೆಂದು ಸಂಘದವರೆಲ್ಲ ಸೇರಿದರು.

ಅಳತೆಗೆ ದುಬಾರಿ ಉಪಕರಣ ಬೇಕಿಲ್ಲ. ಗಾರೆ ಕೆಲಸದವರು ಬಳಸುವ ಪಾರದರ್ಶಕ ನೀರಿನ ಪೈಪು ಹತ್ತು ಮೀಟರ್ ಇದ್ದರೆ ಸಾಕು. ಪೈಪಿನಲ್ಲಿ ಗುಳ್ಳೆಗಳಿಲ್ಲದಂತೆ ನೀರು ತುಂಬಿ ಎರಡು ತುದಿಗಳನ್ನೂ ಮೇಲಕ್ಕೆ ಹಿಡಿದರೆ, ನಡುವೆ ಗೋಡೆಯಿರಲಿ, ದಿಬ್ಬವಿರಲಿ, ಎರಡೂ ತುದಿಗಳ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ರಸಮಟ್ಟ ಎರಡು ಅಡಿಯೊಳಗಿನ ಓರೆಯನ್ನು ತೋರಿಸುತ್ತದೆ. ನೀರಿನ ಪೈಪು ಇಡೀ ಗೂಡಿನ ಓರೆಯನ್ನು ತೋರಿಸುತ್ತದೆ. ನೀರು ನಿಂತ ಮಟ್ಟವನ್ನು ನಾಲ್ಕೂ ಕಂಬಗಳ ಮೇಲೆ ಸೀಮೆಸುಣ್ಣದಿಂದ ಗುರುತಿಸಿ, ಆ ಗುರುತಿನಿಂದ ತಳದ ತೊಲೆಯವರೆಗೆ ಟೇಪಿನಿಂದ ಅಳೆಯಬೇಕು.

ಆ ಗೂಡಿನಲ್ಲಿ ಈಶಾನ್ಯದ ಮೂಲೆಯಲ್ಲಿ 12 ಅಂಗುಲ ಬಂತು, ವಾಯವ್ಯದಲ್ಲಿ ಹನ್ನೆರಡೂವರೆ, ಆಗ್ನೇಯದಲ್ಲಿ 14, ನೈಋತ್ಯದಲ್ಲಿ 16. ಅಂದರೆ ಗೂಡು ಹಾಳಾಗಿರಲಿಲ್ಲ. ಅದರ ನೈಋತ್ಯದ ಮೂಲೆ ಈಶಾನ್ಯಕ್ಕಿಂತ 4 ಅಂಗುಲ ಇಳಿದಿತ್ತು, ಅಷ್ಟೇ. ಕಾರಣವೂ ಕಣ್ಣಮುಂದೆಯೇ ಇತ್ತು. ಚಾವಣಿಯ ಇಳಿಜಾರು ದಕ್ಷಿಣಕ್ಕಿತ್ತು. ಬಚ್ಚಲ ನೀರು ಅದೇ ಕಡೆ ಹರಿಯುತ್ತಿತ್ತು. ಮೂಲೆಗಲ್ಲಿನ ಕೆಳಗೆ ಹೆಗ್ಗಣದ ಬಿಲವಿತ್ತು. ಅಳತೆಗೆ ಮುನ್ನ 'ಇಡೀ ಗೂಡು ಹಾಳು' ಎಂದು ತೋರಿದ್ದು ಅಳತೆಯ ನಂತರ 'ಒಂದು ಮೂಲೆಗೆ ನಾಲ್ಕು ಅಂಗುಲ' ಎಂದಾಯಿತು. ಅಳತೆಯ ಪ್ರಯೋಜನವೇ ಇದು. ಅದು ಭಯವನ್ನು ಕೆಲಸದ ಗಾತ್ರಕ್ಕೆ ಇಳಿಸುತ್ತದೆ.

ತೆರವು ಮತ್ತು ಶುಚಿ

ಕೆಲಸಕ್ಕೆ ಮೊದಲು ಕೋಳಿಗಳನ್ನು ಮಂಕರಿಗಳಿಗೋ ಬೇರೆ ತಡಿಕೆಗೋ ಸಾಗಿಸಬೇಕು. ಹಳೆಯ ಹಿಕ್ಕೆಯನ್ನು ಒಣಗಿದಂತೆಯೇ ಗುಡಿಸಬಾರದು. ಅದರ ಧೂಳು ಶ್ವಾಸಕೋಶಕ್ಕೆ ಹಾನಿಕರ. ನೀರು ಚಿಮುಕಿಸಿ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಸಲಿಕೆಯಿಂದ ತೆಗೆದು ತಿಪ್ಪೆಯಲ್ಲಿ ಹಾಕಿ ಮಣ್ಣು ಮುಚ್ಚಬೇಕು. ಹೀಗೆ ಕೊಳೆತ ಗೊಬ್ಬರ ಹೊಲಕ್ಕೆ ಅಮೃತ.

ಕಾರಣ ತಿಳಿಯದೆ ಕೋಳಿಗಳು ಒಟ್ಟೊಟ್ಟಿಗೆ ಸತ್ತಿದ್ದರೆ ಗೂಡಿಗೆ ಕೈಹಾಕುವ ಮುನ್ನ ಪಶು ಆಸ್ಪತ್ರೆಗೆ ತಿಳಿಸುವುದು ಕಡ್ಡಾಯವೆಂದು ಭಾವಿಸಿರಿ. ಕೇಂದ್ರ ಸರ್ಕಾರದ ಕುಕ್ಕುಟ ಸಂಸ್ಥೆಯಿರುವ ಹೆಸರಘಟ್ಟದಲ್ಲಿಯೇ 2012ರಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿತ್ತು. ಅಷ್ಟು ಕಾವಲಿನ ಜಾಗಕ್ಕೂ ಬಂದ ರೋಗ ನಮ್ಮ ಹಿತ್ತಲಿಗೆ ಬಾರದೆಂದು ಹೇಳಲಾಗದು.

ಹಳೆಯ ಮರದ ಬಿರುಕುಗಳಲ್ಲಿ ಇನ್ನೊಬ್ಬ ಶತ್ರುವಿದ್ದಾನೆ: ಕೋಳಿಯ ಉಣ್ಣೆ. ಹಗಲೆಲ್ಲ ಬಿರುಕಿನಲ್ಲಿ ಅಡಗಿ, ರಾತ್ರಿ ಹೊರಬಂದು ರಕ್ತ ಹೀರಿ, ಬೆಳಗಾಗುವುದರೊಳಗೆ ಮರಳಿ ಬಿರುಕು ಸೇರುವ ಹುಳು ಇದು. ಹಗಲಿನಲ್ಲಿ ಕೋಳಿಯನ್ನು ಹಿಡಿದು ಪರೀಕ್ಷಿಸಿದರೆ ಅದು ಕಾಣುವುದಿಲ್ಲ. ಆಹಾರವಿಲ್ಲದೆಯೂ ತಿಂಗಳುಗಟ್ಟಲೆ ಬದುಕಬಲ್ಲದ್ದರಿಂದ ಗೂಡನ್ನು ಖಾಲಿ ಬಿಟ್ಟಮಾತ್ರಕ್ಕೆ ಸಾಯುವುದಿಲ್ಲ. ಬಿರುಕುಗಳನ್ನು ತಂತಿಯಿಂದ ಕೆರೆದು, ಪಶುವೈದ್ಯರು ಸೂಚಿಸಿದ ಔಷಧಿ ಹೊಡೆದು, ಸುಣ್ಣ ಬೆರೆಸಿದ ಜೇಡಿಮಣ್ಣಿನಿಂದ ಮೆತ್ತಿ, ಮೇಲೆ ಎರಡು ಸಲ ಸುಣ್ಣ ಬಳಿಯಬೇಕು.

ಎತ್ತುವುದು, ಅಡಿಗಟ್ಟುವುದು

ಮೊದಲು ನೀರಿನ ದಾರಿಯನ್ನು ತಿರುಗಿಸಿರಿ. ಬೆಟ್ಟದ ಕಡೆಯಿಂದ ನೀರು ಬರುವ ಪಾರ್ಶ್ವದಲ್ಲಿ, ಗೂಡಿನಿಂದ ಮೂರು ಅಡಿ ದೂರದಲ್ಲಿ, ಒಂದು ಅಡಿ ಅಗಲ ಮುಕ್ಕಾಲು ಅಡಿ ಆಳದ ಕಾಲುವೆ ತೋಡಿ ನೀರನ್ನು ಬದಿಗೆ ಕಳುಹಿಸಬೇಕು. ಬಚ್ಚಲ ನೀರನ್ನು ಕೈತೋಟದ ಕಡೆಗೆ ತಿರುಗಿಸಬೇಕು. ನೆರೆಯವರ ಅಂಗಳಕ್ಕೆ ತಿರುಗಿಸಬಾರದು. ಆ ಬಗೆಯ ತಕರಾರು ಅರ್ಜಿಗಳು ಪಂಚಾಯಿತಿಯಲ್ಲಿ ಈಗಾಗಲೇ ಸಾಕಷ್ಟಿವೆ.

ಅನಂತರ ತಗಡುಗಳನ್ನು ಬಿಚ್ಚಿ ಗೂಡನ್ನು ಹಗುರಗೊಳಿಸಿರಿ. ಎತ್ತಲು ಐದು ಅಡಿಯ ಹಾರೆ ಸಾಕು. ಹಾರೆಯ ತುದಿಯಿಂದ ಆರು ಅಂಗುಲದಲ್ಲಿ ಒಂದು ಗಟ್ಟಿ ಕಲ್ಲನ್ನು ಮೀಟಿಗೆ ಕೊಟ್ಟರೆ ಉಳಿದ 54 ಅಂಗುಲ ನಮ್ಮ ಕೈಯ ಕಡೆಗೆ ಉಳಿಯುತ್ತದೆ. ಆಗ ನಮ್ಮ ಬಲ ಒಂಬತ್ತು ಪಟ್ಟು. ಇಪ್ಪತ್ತು ಕಿಲೋ ಭಾರದಷ್ಟು ಒತ್ತಿದರೆ 180 ಕಿಲೋ ಏಳುತ್ತದೆ. ಈ ಕೆಲಸಕ್ಕೆ ಗಂಡಾಳೇ ಬೇಕೆಂಬ ಮಾತು ನಿಜವಲ್ಲ.

ಆದರೆ ಬಲ ಇದೆಯೆಂದು ಒಮ್ಮೆಗೇ ಎತ್ತಬಾರದು. ಪ್ರತಿ ಸಲ ಅರ್ಧ ಅಂಗುಲ ಮಾತ್ರ ಎತ್ತಿ, ತೊಲೆಯ ಕೆಳಗೆ ಮರದ ಬೆಣೆ ಅಥವಾ ಚಪ್ಪಟೆ ಕಲ್ಲಿನ ಚಕ್ಕೆಯನ್ನು ಸರಿಸಬೇಕು. ಕೈಯಿಂದಲ್ಲ, ಕೋಲಿನಿಂದ ಸರಿಸಬೇಕು. ಎತ್ತಿದ ತೊಲೆಯ ಕೆಳಗೆ ಎಂದೂ ಕೈ ಇಡಬಾರದು. ನಮ್ಮ ಉದಾಹರಣೆಯಲ್ಲಿ ನೈಋತ್ಯ ಮೂಲೆ 4 ಅಂಗುಲ ಏಳಬೇಕು, ಆಗ್ನೇಯ 2 ಅಂಗುಲ. ಹಾಗಾಗಿ ನೈಋತ್ಯವನ್ನು ಎರಡು ಸಲ ಎತ್ತಿದ ಮೇಲೆ ಆಗ್ನೇಯವನ್ನು ಒಂದು ಸಲ ಎತ್ತಬೇಕು. ಹೀಗೆ ಮಾಡಿದರೆ ಚೌಕಟ್ಟು ತಿರುಚಿಕೊಳ್ಳುವುದಿಲ್ಲ, ಹಳೆಯ ಕೀಲುಗಳು ಸೀಳುವುದಿಲ್ಲ. ವಾಯವ್ಯದ ಅರ್ಧ ಅಂಗುಲವನ್ನು ಕೊನೆಗೆ ಒಂದೇ ಸಲಕ್ಕೆ ಎತ್ತಬಹುದು.

ಎತ್ತಿದ ಮೂಲೆಯ ಪಕ್ಕದಲ್ಲಿ ತೊಲೆಗೆ ತಾತ್ಕಾಲಿಕ ಆಧಾರ ಕೊಟ್ಟು, ಹಳೆಯ ಮೂಲೆಗಲ್ಲನ್ನು ತೆಗೆದು, ಗಟ್ಟಿನೆಲ ಸಿಗುವವರೆಗೆ ಅಗೆಯಬೇಕು. ಹೆಗ್ಗಣದ ಬಿಲವನ್ನು ಜಲ್ಲಿಯಿಂದ ಗಿಡಿಯಬೇಕು. ಅಗೆದ ಗುಂಡಿಗೆ ಗರಸು ಮಣ್ಣನ್ನು ನಾಲ್ಕು ಅಂಗುಲದ ಪದರಗಳಾಗಿ ಹಾಕಿ, ಪ್ರತಿ ಪದರಕ್ಕೂ ನೀರು ಚಿಮುಕಿಸಿ, ಮೂರು ಅಂಗುಲಕ್ಕೆ ಇಳಿಯುವವರೆಗೆ ದಿಮ್ಮಸು ಹಾಕಬೇಕು. ಒಂದು ಅಡಿ ಮಣ್ಣನ್ನು ಒಮ್ಮೆಗೇ ಸುರಿದು ಮೇಲೆ ತುಳಿದರೆ ಮೇಲ್ಪದರ ಮಾತ್ರ ಗಟ್ಟಿಯಾಗುತ್ತದೆ. ಕೆಳಗಿನದು ಮೊದಲ ಮಳೆಗೇ ಕುಸಿಯುತ್ತದೆ. ಹಿಮ್ಮಡಿಯನ್ನು ಒತ್ತಿ ತಿರುಗಿಸಿದಾಗ ಗುರುತು ಮೂಡದಿದ್ದರೆ ನೆಲ ಸಿದ್ಧವಾಯಿತೆಂದು ತಿಳಿಯಬಹುದು. ಅದರ ಮೇಲೆ ಅಗಲವಾದ ಚಪ್ಪಡಿ ಕಲ್ಲನ್ನಿಟ್ಟು ತೊಲೆಯನ್ನು ಇಳಿಸಬೇಕು.

ಬಳಿಕ ಮೂರು ಪರೀಕ್ಷೆಗಳು. ನೀರಿನ ಪೈಪಿನಿಂದ ತಳದ ಮಟ್ಟ. ತೂಗುಗುಂಡಿನಿಂದ ಕಂಬಗಳ ನೇರ. ಟೇಪಿನಿಂದ ಮೂಲೆಗಳ ಚೌಕ. ಮೂರನೆಯದು ಅತಿ ಸುಲಭ. 6 ಅಡಿಗೆ 8 ಅಡಿಯ ಗೂಡಿನಲ್ಲಿ ಮೂಲೆಯಿಂದ ಎದುರು ಮೂಲೆಗೆ ಸರಿಯಾಗಿ 10 ಅಡಿ ಬರಬೇಕು. ಎರಡು ಕರ್ಣಗಳಲ್ಲಿ ಒಂದು ಹೆಚ್ಚು, ಒಂದು ಕಡಿಮೆ ಬಂದರೆ ಹೆಚ್ಚಿರುವ ಕರ್ಣದ ಮೂಲೆಗಳಿಗೆ ಹಗ್ಗ ಕಟ್ಟಿ ಬಿಗಿಯುತ್ತ ಬರಬೇಕು. ಎರಡೂ ಸಮನಾದೊಡನೆ ಮೂಲೆಗಳಿಗೆ ಓರೆಪಟ್ಟಿ ಹೊಡೆಯಬೇಕು. ಚೌಕ ತಿರುಚುತ್ತದೆ, ತ್ರಿಕೋನ ತಿರುಚುವುದಿಲ್ಲ.

ನೆಲಕ್ಕೆ ವಾಟ

ಈಗ ಒಂದು ಸಂದೇಹ ಏಳಬಹುದು. ಗೂಡನ್ನು ಮಟ್ಟ ಮಾಡಿದೆವು. ನೆಲವನ್ನೂ ಅದೇ ರೀತಿ ಮಟ್ಟ ಮಾಡಬೇಕೇ? ಬೇಡ. ಚೌಕಟ್ಟಿಗೆ ಮಟ್ಟ, ನೆಲಕ್ಕೆ ವಾಟ. ಗಾರೆಯವರ ಈ ಎರಡು ಮಾತುಗಳಲ್ಲಿ ಗೂಡಿನ ಆರೋಗ್ಯವೆಲ್ಲ ಅಡಗಿದೆ.

ಚೌಕಟ್ಟು ಓರೆಯಾದರೆ ಬಾಗಿಲಿನ ಒಂದು ತುದಿಯಲ್ಲಿ ಸಂದು ಬೀಳುತ್ತದೆ. ಮುಂಗುಸಿಗೆ ಅಷ್ಟು ಸಾಕು. ಕೂರುಗೋಲು ಓರೆಯಾದರೆ ಕೋಳಿಗಳೆಲ್ಲ ಎತ್ತರದ ತುದಿಗೇ ನುಗ್ಗಿ ರಾತ್ರಿಯಿಡೀ ಕಚ್ಚಾಡುತ್ತವೆ. ಮೊಟ್ಟೆಯಿಡುವ ಪೆಟ್ಟಿಗೆ ಓರೆಯಾದರೆ ಮೊಟ್ಟೆ ಉರುಳಿ ಒಡೆಯುತ್ತದೆ. ಒಡೆದ ಮೊಟ್ಟೆಯ ರುಚಿ ಕಂಡ ಕೋಳಿ ಅನಂತರ ತಾನೇ ಕುಕ್ಕಿ ತಿನ್ನತೊಡಗುತ್ತದೆ. ಈ ಚಟವನ್ನು ಬಿಡಿಸುವುದು ಬಹು ಕಷ್ಟ.

ನೆಲದ ಮಾತು ಬೇರೆ. ದೊಡ್ಡ ಕೋಳಿಯೊಂದು ದಿನಕ್ಕೆ ನೂರು ಗ್ರಾಮಿಗೂ ಮಿಕ್ಕಿ ಹಿಕ್ಕೆ ಹಾಕುತ್ತದೆ. ಅದರಲ್ಲಿ ಸುಮಾರು ಮುಕ್ಕಾಲು ಪಾಲು ನೀರೇ. ಗೂಡು ತೊಳೆದ ನೀರು, ಕುಡಿಯುವ ಪಾತ್ರೆಯಿಂದ ಚೆಲ್ಲಿದ ನೀರು ಬೇರೆ. ಇವು ನಿಂತರೆ ರಕ್ತಭೇದಿಯನ್ನು ಉಂಟುಮಾಡುವ ಕಾಕ್ಸಿಡಿಯಾ ರೋಗಾಣು ಬೆಳೆಯುತ್ತದೆ, ಅಮೋನಿಯಾ ಘಾಟು ಏಳುತ್ತದೆ, ಮರಿಗಳ ಕಣ್ಣು ಉರಿಯುತ್ತದೆ. ಆದ್ದರಿಂದ ಒಳನೆಲವು ಹೊರನೆಲಕ್ಕಿಂತ ಕನಿಷ್ಠ ಅರ್ಧ ಅಡಿ ಎತ್ತರವಿರಬೇಕು ಮತ್ತು ಐವತ್ತಕ್ಕೆ ಒಂದರಂತೆ ವಾಟವಿರಬೇಕು. 6 ಅಡಿಯ ಅಗಲಕ್ಕೆ ಅದು ಸುಮಾರು ಒಂದೂವರೆ ಅಂಗುಲ. ಕಣ್ಣಿಗೆ ಕಾಣದಷ್ಟು ಸಣ್ಣ ಇಳಿಜಾರು. ನೀರಿಗೆ ಮಾತ್ರ ಕಾಣುತ್ತದೆ. ದಿಮ್ಮಸು ಹಾಕಿದ ಗರಸಿನ ಮೇಲೆ ಚಪ್ಪಡಿ ಹಾಸಿ ಸಂದುಗಳನ್ನು ಸಿಮೆಂಟಿನಿಂದ ಮುಚ್ಚಿದರೆ ಹೆಗ್ಗಣವೂ ಕೆಳಗಿನಿಂದ ಬರಲಾರದು. ಕಲ್ಲಿಗೆ ಬರವಿಲ್ಲದ ನಾಡು ನಮ್ಮದು.

ಗೋಡೆ, ಜಾಲರಿ, ಚಾವಣಿ

ಪೇಟೆಯಲ್ಲಿ ಕೋಳಿ ಜಾಲರಿಯೆಂದು ದೊರೆಯುವ ಆರು ಮೂಲೆಯ ತೆಳುತಂತಿಯ ಜಾಲರಿ ಕೋಳಿಯನ್ನು ಒಳಗಿಡುತ್ತದೆ, ನಾಯಿ ಮುಂಗುಸಿಗಳನ್ನು ಹೊರಗಿಡುವುದಿಲ್ಲ. ಕೆಳಗಿನ ಎರಡು ಅಡಿಗಾದರೂ ಅರ್ಧ ಅಂಗುಲ ಕಣ್ಣಿನ ಬೆಸುಗೆ ಜಾಲರಿಯನ್ನು ಹಾಕಬೇಕು. ಅದರ ತುದಿಯನ್ನು ನೆಲದ ಬಳಿ ಹೊರಕ್ಕೆ ಬಾಗಿಸಿ ಒಂದು ಅಡಿ ಅಗಲಕ್ಕೆ ಮಣ್ಣಿನಲ್ಲಿ ಹುದುಗಿಸಬೇಕು. ತೋಡುವ ಪ್ರಾಣಿ ಗೋಡೆಯ ಬುಡದಲ್ಲಿಯೇ ತೋಡಲು ಆರಂಭಿಸುತ್ತದೆ. ಜಾಲರಿ ತಗುಲಿದರೆ ಒಂದು ಅಡಿ ಹಿಂದೆ ಸರಿದು ತೋಡಬೇಕೆಂಬ ಬುದ್ಧಿ ಅದಕ್ಕೆ ಹೊಳೆಯುವುದಿಲ್ಲ.

ಮೇಲ್ಭಾಗದ ಜಾಲರಿಯನ್ನು ಮಳೆ ಚಳಿಗಳಲ್ಲಿ ಗೋಣಿತಾಟಿನಿಂದ ಮುಚ್ಚಬಹುದು; ಆದರೆ ಚಾವಣಿಯ ಕೆಳಗಿನ ಅರ್ಧ ಅಡಿಯನ್ನು ಎಂದೂ ಮುಚ್ಚಬಾರದು. ಘಾಟು ಹೊರಹೋಗುವ ದಾರಿ ಅದೊಂದೇ. ಪಾವಗಡ, ಸಿರಾ ಕಡೆಯ ಬೇಸಿಗೆಯಲ್ಲಿ ತಗಡು ಕಾದು ಕೋಳಿಗಳು ಬಾಯಿ ತೆರೆದು ಏದುಸಿರು ಬಿಡುತ್ತವೆ. ತಗಡಿನ ಮೇಲೆ ಸುಣ್ಣ ಬಳಿದು ತೆಂಗಿನ ಗರಿ ಹೊದಿಸಿದರೆ ಒಳಗಿನ ಝಳ ಗಮನಾರ್ಹವಾಗಿ ತಗ್ಗುತ್ತದೆ. ಸೂರಿನ ನೀರು ಬೀಳುವ ಸಾಲಿನಲ್ಲಿ ಕಲ್ಲು ಹಾಸಿದ ಸಣ್ಣ ಚರಂಡಿ ಮಾಡಿ ಆ ಮೂವತ್ತು ಕೊಡ ನೀರನ್ನು ತೆಂಗಿನ ಬುಡಕ್ಕೆ ಕಳುಹಿಸಿರಿ.

ಒಳಗಿನ ವ್ಯವಸ್ಥೆ

ಒಂದು ದೊಡ್ಡ ಕೋಳಿಗೆ ಎರಡು ಚದರ ಅಡಿಯಂತೆ 48 ಚದರ ಅಡಿಯಲ್ಲಿ 24 ಕೋಳಿಗಳಿಗೆ ಸ್ಥಳವಿದೆ. ಇಪ್ಪತ್ತಕ್ಕೆ ನಿಲ್ಲಿಸುವುದು ಕ್ಷೇಮ. ಕೂರುಗೋಲಿನಲ್ಲಿ ತಲೆಗೆ ಒಂಬತ್ತು ಅಂಗುಲದಂತೆ ಇಪ್ಪತ್ತು ಕೋಳಿಗಳಿಗೆ 15 ಅಡಿ ಬೇಕು. ಗೂಡಿನ ಉದ್ದಕ್ಕೆ ಎರಡು ಗಳ ಹಾಕಿದರೆ ಸರಿಹೋಗುತ್ತದೆ. ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯದಿಂದ ಬಂದ ಗಿರಿರಾಜದಂಥ ಭಾರದ ತಳಿಗೆ ಗಳವನ್ನು ಒಂದೂವರೆ ಅಡಿಗಿಂತ ಎತ್ತರ ಕಟ್ಟಬಾರದು. ಧುಮುಕಿದಾಗ ಕಾಲಿಗೆ ಪೆಟ್ಟಾಗುತ್ತದೆ. ಐದು ಕೋಳಿಗೆ ಒಂದರಂತೆ ನಾಲ್ಕು ಪೆಟ್ಟಿಗೆಗಳು ಸಾಕು. ಅವು ಕೂರುಗೋಲಿಗಿಂತ ತಗ್ಗಿನಲ್ಲಿರಬೇಕು, ಇಲ್ಲವಾದರೆ ಕೋಳಿಗಳು ಅವುಗಳಲ್ಲಿಯೇ ಮಲಗಿ ಕೊಳೆ ಮಾಡುತ್ತವೆ.

ನೆಲಹಾಸಿಗೆ ಮಧುಗಿರಿ, ಪಾವಗಡ, ಸಿರಾ ಕಡೆ ಹೇರಳವಾಗಿ ಸಿಗುವ ಕಡಲೆಕಾಯಿ ಸಿಪ್ಪೆ ಉತ್ತಮ. ಆದರೆ ಬೂಷ್ಟು ಹಿಡಿದ ಸಿಪ್ಪೆ ವಿಷಕ್ಕೆ ಸಮಾನ. ಮರಿಗಳ ಶ್ವಾಸಕೋಶವನ್ನೇ ಅದು ಕೆಡಿಸುತ್ತದೆ. ಎರಡು ದಿನ ಬಿಸಿಲಿಗೆ ಹಾಕಿ ಗರಿಗರಿಯಾದ ಮೇಲೆ ಮೂರು ಅಂಗುಲ ಹರಡಿ, ವಾರಕ್ಕೆರಡು ಸಲ ಕೆದಕಿ ತಿರುವಬೇಕು. ಒಂದು ಹಿಡಿಯನ್ನು ಅಮುಕಿ ಬಿಟ್ಟಾಗ ಉಂಡೆಯಾಗಿಯೇ ಉಳಿದರೆ ಹಾಸು ಒದ್ದೆಯಾಗಿದೆ, ಉದುರಿದರೆ ಸರಿಯಾಗಿದೆ.

ಗೂಡು ಎಷ್ಟೇ ಚೆನ್ನಾಗಿದ್ದರೂ ಕೊಕ್ಕರೆ ರೋಗಕ್ಕೆ ಲಸಿಕೆಯೇ ರಕ್ಷೆ. ಮೊದಲ ವಾರದ ಲಸಿಕೆ, ನಾಲ್ಕನೆಯ ವಾರದ ಮರುಲಸಿಕೆ, ಎಂಟನೆಯ ವಾರದ ಚುಚ್ಚುಮದ್ದು ತಪ್ಪದಂತೆ ಪಶುಸಖಿಯರು ದಿನಾಂಕ ಬರೆದಿಡಬೇಕು.

ಖರ್ಚು ಮತ್ತು ಕೈಗಳು

ನಾನು ಉದಾಹರಿಸಿದ ಗೂಡಿಗೆ ನಾಲ್ವರು ಒಂದು ದಿನ ಹಾಗೂ ಇಬ್ಬರು ಮತ್ತೊಂದು ದಿನ ದುಡಿದರು. ಒಟ್ಟು ಆರು ಆಳಿನ ಕೆಲಸ. 2024-25ನೇ ಸಾಲಿನ ಉದ್ಯೋಗ ಖಾತರಿ ಕೂಲಿಯಾಗಿದ್ದ ದಿನಕ್ಕೆ 349 ರೂಪಾಯಿಯ ದರದಲ್ಲಿ ಅದರ ಬೆಲೆ 2,094 ರೂಪಾಯಿ. ಆ ಹಣವನ್ನು ಯಾರೂ ಕೊಡಲಿಲ್ಲ, ಯಾರೂ ಪಡೆಯಲಿಲ್ಲ. ಮುಯ್ಯಾಳಿನ ಲೆಕ್ಕದಲ್ಲಿ ಕೆಲಸ ನಡೆಯಿತು: ಇಂದು ನಿಮ್ಮ ಗೂಡಿಗೆ ನಾವು, ನಾಳೆ ನಮ್ಮ ಗೂಡಿಗೆ ನೀವು. ಕೊಳ್ಳಬೇಕಾಗಿ ಬಂದದ್ದು ಬೆಸುಗೆ ಜಾಲರಿ, ಮೊಳೆ, ಸುಣ್ಣ ಮತ್ತು ಅರ್ಧ ಚೀಲ ಸಿಮೆಂಟು ಮಾತ್ರ. ಮುಂದಿನ ಚಿತ್ತೆ ಮಳೆಯಲ್ಲಿ ಆ ನೆಲ ಒಣಗಿಯೇ ಇತ್ತು. ಹೊಸ ಶೆಡ್ಡಿಗೆ ಅವರು ಸಲ್ಲಿಸಿದ್ದ ಬೇಡಿಕೆಯೂ ನಿಯಮಾನುಸಾರ ಮುಂದುವರಿದಿದೆ. ಗೂಡು ನಿಂತಿದೆಯೆಂಬ ಕಾರಣಕ್ಕೆ ಅದನ್ನು ತಿರಸ್ಕರಿಸಿಲ್ಲ.

ಸಂಘಗಳಿಗೆ ನನ್ನ ಕೋರಿಕೆ ಇಷ್ಟೇ. ಒಕ್ಕೂಟದ ಕಚೇರಿಯಲ್ಲಿ ಒಂದು ನೀರಿನ ಪೈಪು, ಒಂದು ತೂಗುಗುಂಡು, ಒಂದು ಟೇಪು, ಒಂದು ಹಾರೆ, ಒಂದು ದಿಮ್ಮಸು ಇರಲಿ. ಯಾರು ಯಾವ ದಿನ ಒಯ್ದರೆಂಬ ವಹಿಯಿರಲಿ. ಪ್ರತಿ ಸಂಘದಲ್ಲಿ ಇಬ್ಬರಾದರೂ ಪೈಪಿನ ಮಟ್ಟ ಹಿಡಿಯಲು ಕಲಿಯಲಿ. ಇಂದು ಕೋಳಿಗೂಡಿಗೆ ಹಿಡಿದ ಮಟ್ಟವನ್ನು ಅವರು ನಾಳೆ ತಮ್ಮ ಬೀದಿಯ ಚರಂಡಿಗೂ ಹಿಡಿಯಬಲ್ಲರು. ಗುತ್ತಿಗೆದಾರರು ಕಟ್ಟಿದ ಚರಂಡಿಗೆ ವಾಟವಿದೆಯೇ ಇಲ್ಲವೇ ಎಂದು ಗ್ರಾಮಸಭೆಯಲ್ಲಿ ಅಂಗುಲದ ಲೆಕ್ಕ ಸಹಿತ ಕೇಳಬಲ್ಲರು. ಅಂತಹ ಪ್ರಶ್ನೆಗೆ ಉತ್ತರಿಸಬೇಕಾದ ಕುರ್ಚಿಯಲ್ಲಿ ಕುಳಿತಿರುವವನು ನಾನೇ. ಆದರೂ ಆ ಪ್ರಶ್ನೆ ಬರಲೆಂದೇ ಹಾರೈಸುತ್ತೇನೆ.

ಉತ್ತರೆ ಮಳೆಗೆ ಇನ್ನೂ ಕಾಲಾವಕಾಶವಿದೆ. ಈ ವಾರವೇ ತಮ್ಮ ತಮ್ಮ ಗೂಡುಗಳ ನಾಲ್ಕು ಮೂಲೆಗಳನ್ನು ಅಳೆದು ಬರೆದಿಡಿರಿ. ಉಳಿದ ಕೆಲಸವನ್ನು ಆ ನಾಲ್ಕು ಅಂಕಿಗಳೇ ಹೇಳಿಕೊಡುತ್ತವೆ.